ಗಂಟು ಬಿಚ್ಚುವ ಮೊದಲು

ಮಂಡ್ಯ ಜಿಲ್ಲೆಯ ನಮ್ಮ ಹಲಗೂರು ಹೋಬಳಿಯ ಹಳೆಯ ಮನೆಗಳಲ್ಲಿ ದುಡ್ಡಿಗೆ ಎರಡು ಜಾಗಗಳಿದ್ದವು. ಒಂದು, ಹೆಂಗಸರ ಸೆರಗಿನ ಗಂಟು ಇಲ್ಲವೇ ಗಂಡಸರ ಸೊಂಟದ ಎಲೆಅಡಿಕೆ ಚೀಲ. ಇನ್ನೊಂದು, ದೇವರ ಗೂಡಿನಲ್ಲಿ ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು. ಮೊದಲನೆಯದು ಉಪ್ಪು, ಸೀಮೆಎಣ್ಣೆ, ಹೊಗೆಸೊಪ್ಪಿಗೆ ಹೋಗುವ ದುಡ್ಡು. ಎರಡನೆಯದು, ಮುತ್ತತ್ತಿರಾಯ ಎಂದು ನಾವು ಕರೆಯುವ ಆಂಜನೇಯನ ದುಡ್ಡು. ಮನೆಯಲ್ಲಿ ಎಂಥ ತಾಪತ್ರಯ ಬಂದರೂ ಅದಕ್ಕೆ ಕೈ ಹಾಕುವ ಹಾಗಿರಲಿಲ್ಲ.

ನಾನು ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರಿನ ಹೆಂಗಸರ ಸಂಘದ ಲೆಕ್ಕದ ಪುಸ್ತಕವನ್ನು ಈಗಲೂ ನಾನೇ ಬರೆಯುತ್ತೇನೆ. ಯಾರ ಮನೆಗೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಆ ಪುಸ್ತಕ ನನಗೆ ಕಲಿಸಿದೆ. ಕಂಡದ್ದನ್ನೆಲ್ಲ ಕೊಳ್ಳಬಾರದು ಎಂದು ಈಗಿನ ಮಕ್ಕಳಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಹಿಂದಿನವರಿಗೆ ಯಾರೂ ಹಾಗೆ ಬುದ್ಧಿ ಹೇಳಿದ್ದನ್ನು ನಾನು ಕೇಳಿಲ್ಲ. ಆಸೆ ಹುಟ್ಟುವುದಕ್ಕೂ ಗಂಟು ಬಿಚ್ಚುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಹಿಡಿಯುವ ಹಾಗೆ ಅವರ ಬದುಕೇ ಕಟ್ಟಿಕೊಂಡಿತ್ತು. ಆ ನಡುವಿನ ಹೊತ್ತು ನಮ್ಮ ಸೀಮೆಯಲ್ಲಿ ಎಲ್ಲಿಂದ ಬಂತು, ಯಾವಾಗ ಸವೆಯಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆದಿಡಬೇಕು ಅನ್ನಿಸಿದೆ.

ಮುಡಿಪು ಕಟ್ಟುವುದಕ್ಕೆ ಒಂದು ಕ್ರಮವಿತ್ತು. ಮಗುವಿನ ಜ್ವರ ಇಳಿಯದಿದ್ದರೆ, ಹಸು ಗಬ್ಬ ನಿಲ್ಲದಿದ್ದರೆ, ಬಿತ್ತಿದ ರಾಗಿ ಕಣ್ಣೆದುರೇ ಬಾಡುತ್ತಿದ್ದರೆ, ಮನೆಯ ಹಿರಿಯಳು ತಲೆಗೆ ನೀರು ಹುಯ್ದುಕೊಂಡು ಬಂದು ಒಂದೂಕಾಲು ರೂಪಾಯಿಯನ್ನೋ ಅಷ್ಟೂ ಇಲ್ಲದಿದ್ದರೆ ನಾಕಾಣೆಯನ್ನೋ ತೊಳೆದು, ಅರಿಸಿನದಲ್ಲಿ ಅದ್ದಿದ ಬಟ್ಟೆಯಲ್ಲಿಟ್ಟು ಗಂಟು ಹಾಕುತ್ತಿದ್ದಳು. ಹರಕೆ ಹೊತ್ತ ಮೇಲೆ ಸುಗ್ಗಿಯಲ್ಲಿ ರಾಗಿ ಮಾರಿದಾಗ, ಕುರಿ ಮಾರಿದಾಗ ಅದಕ್ಕೆ ಇನ್ನಷ್ಟು ಸೇರುತ್ತಿತ್ತು. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದ ಮೇಲೂ ನನ್ನಜ್ಜಿ ಲೆಕ್ಕ ಹಾಕುತ್ತಿದ್ದದ್ದು ಆಣೆಯಲ್ಲೇ. ಒಮ್ಮೆ ಮನೆಯಲ್ಲಿ ಕಾಸಿಲ್ಲದೆ, ನನ್ನವ್ವ ಪಕ್ಕದ ಮನೆಯಿಂದ ಕೈಗಡ ತಂದಳು. ದೇವರ ಗೂಡಿನಲ್ಲಿ ದುಡ್ಡು ಇದೆಯಲ್ಲ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, "ಅದು ನಮ್ದಲ್ಲ ಕಣವ್ವ, ಅವಂದು. ನಾವು ಕಾವಲಿಗಿದ್ದೀವಿ ಅಷ್ಟೆಯ" ಅಂದಳು.

ಅವಳು 'ಅವನು' ಎಂದು ಏಕವಚನದಲ್ಲಿ ಕರೆಯುತ್ತಿದ್ದ ಆ ದೇವರು ಇರುವುದು ಮಳವಳ್ಳಿ ತಾಲ್ಲೂಕಿನ ತುದಿಯಲ್ಲಿ, ಕಾವೇರಿಯ ದಡದ ಮುತ್ತತ್ತಿಯಲ್ಲಿ. ಸುತ್ತ ಕಾಡು, ಹೊಳೆಯಾಚೆಗೆ ಚಾಮರಾಜನಗರ ಜಿಲ್ಲೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಶಿಂಷೆಯನ್ನೂ ಕೂಡಿಸಿಕೊಂಡು ಇಲ್ಲಿಗೆ ಬರುತ್ತಾಳೆ. ಈ ಕಾಡು 1987ರಲ್ಲಿ ಕಾವೇರಿ ವನ್ಯಧಾಮಕ್ಕೆ ಸೇರಿತು. ಅದಕ್ಕೂ ಮೊದಲು ಹಲಗೂರಿನ ಕಡೆಯಿಂದ ಮುತ್ತತ್ತಿಗೆ ಎತ್ತಿನ ಗಾಡಿಗಳಲ್ಲಿ ಹೋಗುವಾಗ ಒಂಟಿ ಗಾಡಿ ಹೊರಡುತ್ತಿರಲಿಲ್ಲ. ಆನೆಯ ಭಯಕ್ಕೆ ನಾಲ್ಕಾರು ಮನೆಯವರು ಜೊತೆಯಾಗಬೇಕು. ಒಂದು ಮನೆಯ ರಾಗಿ ಕಣ ಮುಗಿದಿರುವುದಿಲ್ಲ, ಇನ್ನೊಂದು ಮನೆಯಲ್ಲಿ ಬಾಣಂತಿ ಇರುತ್ತಾಳೆ. ಎಲ್ಲರಿಗೂ ಬಿಡುವಾಗುವ ಶನಿವಾರ ಕೂಡಿಬರುವ ಹೊತ್ತಿಗೆ ಹರಕೆ ಹೊತ್ತು ಒಂದು ವರ್ಷವೂ ಆಗಿರಬಹುದು, ಮೂರು ವರ್ಷವೂ ಆಗಿರಬಹುದು.

ಗಾಡಿಯಲ್ಲಿ ರಾಗಿಹಿಟ್ಟು, ಅಕ್ಕಿ, ಬೆಲ್ಲ, ಅವರೆಕಾಳು, ಮೆಣಸಿನಕಾಯಿ, ಪಾತ್ರೆ, ಹಸಿ ಬಿದಿರು ಬುಟ್ಟಿಯಲ್ಲಿ ತರಕಾರಿ. ಊಟಕ್ಕೆ ಮುತ್ತುಗದ ಎಲೆ ಹಚ್ಚಿಕೊಂಡು ಒಯ್ಯುತ್ತಿದ್ದೆವು. ಹೊಳೆಯಲ್ಲಿ ಮಿಂದು, ಪರ ಮಾಡಿ, ಮುಡಿಪು ಒಪ್ಪಿಸಿ, ದಡದ ಕಲ್ಲುಗಳ ನಡುವೆ ಒಲೆ ಹೂಡಿ ಉಂಡು, ಕತ್ತಲಾಗುವ ಮೊದಲು ಕಾಡು ದಾಟಬೇಕು. ಇಡೀ ಪ್ರಯಾಣದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದು ಹಣ್ಣುಕಾಯಿ, ಕರ್ಪೂರ, ಕಡ್ಲೆಪುರಿ, ಬತ್ತಾಸು, ಅಷ್ಟೇ. ಮಕ್ಕಳಿಗೆ ಒಂದೊಂದು ಕಾಸು ಸಿಗುತ್ತಿತ್ತು. ಅಜ್ಜಿ ಅದನ್ನು ನನ್ನ ಲಂಗದ ಅಂಚಿಗೆ ತಾನೇ ಗಂಟು ಹಾಕಿ, "ಮೊದ್ಲು ಎಲ್ಲಾ ಅಂಗ್ಡೀನೂ ಒಂದು ಸುತ್ತು ನೋಡ್ಕಂಡು ಬಾ, ಆಮೇಲೆ ಗಂಟು ಬಿಚ್ಚು" ಅನ್ನುತ್ತಿದ್ದಳು. ಸುತ್ತು ಮುಗಿಸಿ ಬರುವಷ್ಟರಲ್ಲಿ ಮೊದಲ ಅಂಗಡಿಯಲ್ಲಿ ಕಂಡ ಗಿಲಿಗಿಚ್ಚಿಯ ಆಸೆ ಅರ್ಧ ಇಳಿದಿರುತ್ತಿತ್ತು, ಬಳೆಯ ಆಸೆ ಉಳಿದಿರುತ್ತಿತ್ತು. ಹಾಗೆ ಕೊಂಡ ಬಳೆ ಒಡೆಯುವ ತನಕ ನಾನು ಅದನ್ನು ಜೋಪಾನ ಮಾಡಿದ್ದೇನೆ.

ಮುತ್ತತ್ತಿಯ ಕತೆಯನ್ನು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ವನವಾಸದಲ್ಲಿ ಸೀತಮ್ಮ ಇಲ್ಲಿ ಮೀಯುವಾಗ ಮೂಗುತಿಯ ಮುತ್ತು ಹೊಳೆಗೆ ಬಿತ್ತು, ಆಂಜನೇಯ ಬಾಲದಿಂದ ಮಡುವನ್ನು ಕಡೆದು ಅದನ್ನು ಎತ್ತಿಕೊಟ್ಟ. ಆ ಕಡೆತದ ಸುಳಿಯೇ ಇವತ್ತಿಗೂ ಜನರನ್ನು ಎಳೆದುಕೊಳ್ಳುತ್ತಿದೆ ಎಂದು ನಂಬುತ್ತಾರೆ. ಹೊಳೆಗಿಳಿದವರು ಇಲ್ಲಿ ಮುಳುಗಿ ಸತ್ತದ್ದು ಒಂದೆರಡು ಸಲವಲ್ಲ. ಸುಳಿಯ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ನನಗೆ ಈ ಕತೆಯಲ್ಲಿ ಹಿಡಿಸಿದ್ದು ಬೇರೆ. ಸಮುದ್ರ ಹಾರಬಲ್ಲ ಬಂಟ ಅವನು. ಮನಸ್ಸು ಮಾಡಿದ್ದರೆ ಹೊಸ ಮುತ್ತೊಂದನ್ನು ತಂದು ಅವಳ ಮುಂದಿಡಬಹುದಿತ್ತು. ಅವನು ಕಳೆದುಹೋದದ್ದನ್ನೇ ಹುಡುಕಿದ. ಇರುವ ಒಡವೆಯ ಬೆಲೆ ಗೊತ್ತಿದ್ದ ಜನ ಕಟ್ಟಿದ ಕತೆ ಇದು ಅನ್ನಿಸುತ್ತದೆ ನನಗೆ.

ಕಾಸಿಲ್ಲದೆ ತೀರುವ ಹರಕೆಯೂ ಒಂದಿತ್ತು. ಹುಟ್ಟಿದ ಮಗುವಿಗೆ ದೇವರ ಹೆಸರಿಡುವುದು. ನಮ್ಮ ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಮುತ್ತಮ್ಮ, ಮುತ್ತುರಾಜು ಇಲ್ಲದ ವರ್ಷ ನನಗೆ ನೆನಪಿಲ್ಲ. ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು 1929ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಮುತ್ತುರಾಜ ಎಂದು ಹೆಸರಿಟ್ಟದ್ದೂ ಈ ಮುತ್ತತ್ತಿರಾಯನ ಭಕ್ತಿಯಿಂದಲೇ. ಆ ಹುಡುಗನೇ ಮುಂದೆ ಡಾ. ರಾಜ್‌ಕುಮಾರ್.

ಇದನ್ನೆಲ್ಲ ಬರಿಯ ಭಕ್ತಿ ಎಂದು ಓದಿದರೆ ಅರ್ಧ ತಪ್ಪಿಹೋಗುತ್ತದೆ. ಅದರ ಬೆನ್ನಿಗೆ ಬರದ ನೆನಪಿತ್ತು. ನನ್ನಜ್ಜಿಗೆ ಅವಳ ಅಜ್ಜಿ ಹೇಳಿದ ಧಾತು ಈಶ್ವರ ಬರದ ಮಾತು ನಮ್ಮ ಮನೆಯಲ್ಲಿ ಉಣ್ಣುವಾಗಲೆಲ್ಲ ಬರುತ್ತಿತ್ತು. 1876ರಿಂದ 78ರವರೆಗಿನ ಆ ಎರಡು ಸಂವತ್ಸರಗಳಲ್ಲಿ ಮೈಸೂರು ಸಂಸ್ಥಾನ ಅದೆಷ್ಟು ಜನರನ್ನು ಕಳೆದುಕೊಂಡಿತೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಆ ಬರವನ್ನು ದಾಟಿ ಉಳಿದವರಿಗೆ ಉಳಿತಾಯ ಎಂದರೆ ಮೊದಲು ಕಾಳು, ಆಮೇಲೆ ಕಾಸು. ನೆಲದೊಳಗೆ ಗುಡಾಣದಂತೆ ಅಗೆದ ಹಗೇವಿನಲ್ಲಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಹಗೇವುಗಳ ವಿಷಯ ಬರೆದಿಟ್ಟಿದ್ದಾನೆ. ಹಗೇವು ತೆಗೆಯುವುದು ಮನೆಯ ಒಬ್ಬರ ಕೈಯ ಕೆಲಸವಲ್ಲ. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಆಳು ಇಳಿಯಬೇಕು, ತೆಗೆದದ್ದು ಇಡೀ ಬೀದಿಗೆ ತಿಳಿಯುತ್ತದೆ. ಮನಸ್ಸಿಗೆ ಬಂದಾಗ ಮಾರಿ ಬರಲು ಆಗುತ್ತಿರಲಿಲ್ಲ.

ಊರೊಳಗಿನ ಕೊಡುಕೊಳ್ಳುವಿಕೆಗೆ ಕಾಸೇ ಬೇಕಿರಲಿಲ್ಲ. ಕಮ್ಮಾರ, ಕ್ಷೌರಿಕ, ಮಡಿವಾಳ ಎಲ್ಲರಿಗೂ ಸುಗ್ಗಿಯ ಕಣದಲ್ಲಿ ಆಯ ಅಳೆಯುತ್ತಿದ್ದರು. ಕಾಸು ಬೇಕಾದದ್ದು ವಾರದ ಸಂತೆಗೆ. ಸೋಮವಾರ ಹುಟ್ಟಿದ ಆಸೆಯೂ ಸಂತೆಯ ದಿನದ ತನಕ ಕಾಯಬೇಕು, ಅಲ್ಲಿಗೆ ನಡೆದು ಹೋಗಬೇಕು, ಕೊಂಡದ್ದನ್ನು ತಲೆಯ ಮೇಲೆ ಹೊತ್ತು ತರಬೇಕು. ಹೊರಲಾರದ್ದನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಆ ಕಾಲವನ್ನು ಹೊಗಳುವವರಿಗೆ ನಾನೊಂದು ಮಾತು ಹೇಳಲೇಬೇಕು. ಕಾಯುವುದು ಕೆಲವರ ಪಾಲಿಗೆ ಹಿರಿತನ, ಹಲವರ ಪಾಲಿಗೆ ಹೊಟ್ಟೆಯ ಉರಿ. ಮದುವೆಗೆಂದು ಪಡೆದ ಸಾಲಕ್ಕೆ ಗೌಡರ ಮನೆಯಲ್ಲಿ ಜೀತಕ್ಕೆ ನಿಂತು, ಆ ಸಾಲ ತೀರದೆ ಮಗನನ್ನೂ ಜೀತಕ್ಕೆ ಬಿಟ್ಟವರು ನಮ್ಮ ಊರುಗಳಲ್ಲೇ ಇದ್ದರು. ಅಂಥ ಮನೆಗಳಲ್ಲಿ ಮುಡಿಪು ಕಟ್ಟಲು ನಾಕಾಣೆಯೂ ಇರಲಿಲ್ಲ. 1976ರಲ್ಲಿ ಜೀತ ರದ್ದತಿಯ ಕಾಯಿದೆ ಬಂತು. ದೇವರಾಜ ಅರಸರ ಸರ್ಕಾರ ಅದೇ ವರ್ಷ ಋಣ ಪರಿಹಾರದ ಕಾಯಿದೆಯನ್ನೂ ತಂದಿತು. ಆ ಕಾಯಿದೆಗಳಿಂದ ಮೊದಲ ಸಲ ತಮ್ಮ ದುಡಿಮೆಯ ದುಡ್ಡನ್ನು ತಮ್ಮ ಕೈಯಲ್ಲಿ ಕಂಡವರು ಅಂಗಡಿಯ ಮುಂದೆ ನಿಂತು ಒಂದು ಹೊಸ ಅಂಗಿ ಕೊಂಡರೆ ಅದನ್ನು ದುಂದು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನಡುವಿನ ಹೊತ್ತು ಸವೆಯತೊಡಗಿದ್ದು ಮದ್ದೂರಿನ ಕಡೆಯಿಂದ. ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿ ಹಾಕಿದ್ದು ಆ ಧಾತು ಈಶ್ವರ ಬರದ ಹಿಂದೆಯೇ, 1880ರ ದಶಕದ ಆರಂಭದಲ್ಲಿ. ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಸಿಗಲಿ ಎಂಬುದೂ ಆ ಕಾಮಗಾರಿಯ ಹಿಂದಿತ್ತು. ರೈಲು ಓಡಿದ ಮೇಲೆ ನಿಲ್ದಾಣದಲ್ಲಿ ಒಂದು ಹೊಸ ಬಗೆಯ ವ್ಯಾಪಾರ ಹುಟ್ಟಿತು. ಮದ್ದೂರು ವಡೆಯ ಕತೆ ಎಲ್ಲರಿಗೂ ಗೊತ್ತಿರುವುದೇ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬುವರು ಅವಸರಕ್ಕೆ ಹಿಟ್ಟು ಕಲಸಿ ತಟ್ಟಿ ಕರಿದ ವಡೆ, ರೈಲಿನವರಿಗೆ ಹಿಡಿಸಿ ಹೆಸರಾಯಿತು ಎನ್ನುತ್ತಾರೆ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಬೆರೆಸಿ ಕರಿದ ಆ ವಡೆಯ ರುಚಿಗೆ ನಾನೂ ಸೋತವಳೇ. ಚರಿತ್ರೆಯ ಕಣ್ಣಿನಿಂದ ನೋಡಿದರೆ ಅಲ್ಲಿ ಇನ್ನೊಂದು ಹೊಸತಿದೆ. ರೈಲು ನಿಲ್ಲುವುದು ಕೆಲವೇ ನಿಮಿಷ. ಕಿಟಕಿಯಿಂದ ಕೈ ಚಾಚಬೇಕು, ಕಾಸು ಕೊಡಬೇಕು, ಗಾಡಿ ಹೊರಡುತ್ತದೆ. ಒಂದು ಸುತ್ತು ನೋಡಿಕೊಂಡು ಬರುವ ಹೊತ್ತೇ ಇಲ್ಲದ ವ್ಯಾಪಾರವನ್ನು ನಮ್ಮ ಸೀಮೆ ಕಂಡದ್ದು ಆ ನಿಲ್ದಾಣದ ಕಟ್ಟೆಯ ಮೇಲೆ.

ಆದರೆ ವಡೆಯಿಂದ ಯಾರ ಮನೆಯೂ ಮುಳುಗಲಿಲ್ಲ. ದೊಡ್ಡ ದುಡ್ಡು ಬಂದದ್ದು ನಾಲೆಯ ಜೊತೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಆ ನೀರನ್ನು ಮಂಡ್ಯ, ಮದ್ದೂರಿನ ಕಡೆಗೆ ತಂದ ಇರ್ವಿನ್ ನಾಲೆಯನ್ನೇ ನಾವೀಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿ ಮನೆಗೆ ಬರುತ್ತಿತ್ತು, ಕಬ್ಬು ಕಾರ್ಖಾನೆಗೆ ಹೋಗುತ್ತಿತ್ತು. ವರ್ಷಕ್ಕೂ ಮೇಲೆ ಗದ್ದೆಯಲ್ಲಿ ನಿಂತ ಬೆಳೆಗೆ ಒಂದೇ ಸಲ ಬಟವಾಡೆ. ಅಪ್ಪ ತಾತಂದಿರು ಜನ್ಮದಲ್ಲಿ ಒಟ್ಟಿಗೆ ನೋಡಿರದಷ್ಟು ನೋಟು ಕೈಗೆ ಬಂದರೆ ಏನಾಗಬೇಕೋ ಅದೇ ಆಯಿತು.

ಅದನ್ನು ಹತ್ತಿರದಿಂದ ಕಂಡು ಬರೆದವರು ಹೊರಗಿನ ಒಬ್ಬ ಹೆಣ್ಣುಮಗಳು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದು ಓದಿದ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು ಮನೆಮನೆಯ ಆದಾಯ, ಖರ್ಚು ಬರೆದುಕೊಂಡರು. ಹಳ್ಳಿಗಳ ನಿಜವಾದ ಹೆಸರು ಮುಚ್ಚಿಟ್ಟು ನಾಲೆ ನೀರು ಹರಿದ ಊರನ್ನು ವಂಗಲ ಎಂದೂ, ನೀರು ಏರದೆ ಒಣಗಿಯೇ ಉಳಿದ ಊರನ್ನು ದಲೇನ ಎಂದೂ ಕರೆದರು. ನೀರು ಬಂದ ಊರು ವ್ಯವಸಾಯವನ್ನೇ ನೆಚ್ಚಿಕೊಂಡು ತನ್ನ ಹಳೆಯ ಕಟ್ಟುಪಾಡುಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡಿತ್ತು. ನೀರಿಲ್ಲದ ಊರಿನವರು ಗಾಡಿ ಹೊಡೆಯುವುದು, ಮಂಡ್ಯದಲ್ಲಿ ನೌಕರಿ, ವ್ಯಾಪಾರ ಎಂದು ಹೊರಗೆ ಬಿದ್ದಿದ್ದರು. ಹೊಸ ದುಡ್ಡು ಮಾನ ಮರ್ಯಾದೆಯ ಖರ್ಚಿಗೆ, ಮುಖ್ಯವಾಗಿ ಮದುವೆಗೆ, ಹೇಗೆ ಹರಿಯುತ್ತದೆ ಎಂಬುದು ಅವರ ಪುಸ್ತಕದಲ್ಲಿದೆ. 1970ರಲ್ಲಿ ಅವರು ಮತ್ತೆ ಬಂದರು. ಮೊದಲ ಸಲ ಬಂದಾಗ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡುತ್ತಿದ್ದರು. ಎರಡನೆಯ ಸಲ ಬರುವ ಹೊತ್ತಿಗೆ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುವುದು ಶುರುವಾಗಿತ್ತು. 1961ರಲ್ಲೇ ವರದಕ್ಷಿಣೆಯನ್ನು ಕಾಯಿದೆ ನಿಷೇಧಿಸಿತ್ತು. ಕಬ್ಬಿನ ದುಡ್ಡು ಅದನ್ನು ಕೇಳಲಿಲ್ಲ.

ಮದುವೆಯ ಖರ್ಚಿನ ವಿಷಯಕ್ಕೆ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಕ್ಷಮಿಸಬೇಕು. ನಮ್ಮ ಮಂಡ್ಯದ ಕಡೆ ಧಾರೆಗಿಂತ ಬೀಗರೂಟ ದೊಡ್ಡದು. ಎಷ್ಟು ಕುರಿ ಕಡಿದರು, ಎಷ್ಟು ಪಂಕ್ತಿ ಎದ್ದಿತು ಎಂಬುದರಲ್ಲಿ ಮನೆತನದ ತೂಕ. ಹಿಂದೆ ಇದಕ್ಕೆ ಒಂದು ಲಗಾಮು ಇತ್ತು, ಮುಯ್ಯಿ ಪುಸ್ತಕ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಚಪ್ಪರದಲ್ಲೇ ಕೂತು ಬರೆಯುತ್ತಿದ್ದರು. ಇಂಥವರು ಐದು ರೂಪಾಯಿ, ಇಂಥವರು ಎರಡು ಸೇರು ಅಕ್ಕಿ, ಇಂಥವರು ಒಂದು ತೆಂಗಿನಕಾಯಿ. ಅವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ನೋಡಿಕೊಂಡು ಅಷ್ಟನ್ನೋ ಸ್ವಲ್ಪ ಹೆಚ್ಚನ್ನೋ ಹಿಂದಿರುಗಿಸಬೇಕು. ಹಾಗಾಗಿ ಮದುವೆ ಮಾಡುವ ಮೊದಲು ಯಜಮಾನ ಪುಸ್ತಕ ತೆಗೆದು ನಮಗೆ ಎಷ್ಟು ಬರಬೇಕು, ಎಷ್ಟು ಜನಕ್ಕೆ ಎಲೆ ಹಾಕಬಹುದು ಎಂದು ಎಣಿಸುತ್ತಿದ್ದ. ನಮ್ಮ ಮನೆಯ ಮುಯ್ಯಿ ಪುಸ್ತಕವನ್ನು ನಾನು ಇಟ್ಟುಕೊಂಡಿದ್ದೇನೆ. ಅಂಚು ಗೆದ್ದಲು ತಿಂದಿದೆ. ಅದರಲ್ಲಿ ಒಂದೊಂದು ಸಾಲಿನ ಮುಂದೆಯೂ 'ತೀರಿತು' ಎಂದು ಬರೆದಿರುವುದನ್ನು ಓದುವಾಗ, ಸಾಲ ಎಂಬುದು ಹೀಗೂ ಇರಬಹುದಿತ್ತಲ್ಲ ಅನ್ನಿಸುತ್ತದೆ. ಅಲ್ಲಿ ಬಡ್ಡಿ ಇಲ್ಲ, ವಸೂಲಿಗೆ ಬಂದು ಬಾಗಿಲಲ್ಲಿ ಕೂರುವವರಿಲ್ಲ, ಆದರೂ ಯಾರೂ ಮರೆತಿಲ್ಲ.

ಖರ್ಚಿಗೆ ಎದುರು ನಿಂತ ಮದುವೆಗಳೂ ಆದವು. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಾಯಿತು. 1980ರ ನಂತರ ರೈತ ಸಂಘ ಬೆಳೆದಾಗ ಹಸಿರು ಶಾಲಿನವರು ನಮ್ಮ ಜಿಲ್ಲೆಯಲ್ಲೂ ವಾಲಗದ ಆಡಂಬರ ಬಿಟ್ಟು ಹಾರ ಬದಲಾಯಿಸಿ ಸರಳ ಮದುವೆ ಮಾಡಿದರು. ನಾನು ಅಂಥ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಅನ್ನ, ಸಾರು, ಪಾಯಸ. ನೆಂಟರಲ್ಲಿ ಕೆಲವರು ಮುಖ ಸಿಂಡರಿಸಿದರು. ಆ ದಂಪತಿ ಮಾತ್ರ ಮಾರನೆಯ ದಿನ ಯಾರಿಗೂ ಸಾಲಗಾರರಾಗಿರಲಿಲ್ಲ.

ನಾಲೆಯ ನೀರು ನಮ್ಮ ಕಾಡಂಚಿನ ಹಳ್ಳಿಗಳಿಗೆ ಬರಲಿಲ್ಲ. ನಮಗೆ ದುಡ್ಡು ತಂದದ್ದು ರೇಷ್ಮೆ ಹುಳ. ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳ ಹಣ್ಣಾದ ಮೇಲೆ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಚೀಲ ಕಟ್ಟಿಕೊಂಡು ಕನಕಪುರಕ್ಕೋ ರಾಮನಗರಕ್ಕೋ ಹೋದರೆ ಹರಾಜಾಗಿ ಅವತ್ತೇ ರೊಕ್ಕ. ವರ್ಷಕ್ಕೆ ಒಂದು ಸುಗ್ಗಿ ನೋಡುತ್ತಿದ್ದ ಮನೆ ಈಗ ವರ್ಷಕ್ಕೆ ಐದಾರು ಸುಗ್ಗಿ ನೋಡಿತು. ಹುಳಕ್ಕೆ ರಾತ್ರಿಯೆಲ್ಲ ಸೊಪ್ಪು ಹಾಕಿದವರು ಹೆಂಗಸರು, ಗೂಡು ಮಾರಿ ದುಡ್ಡು ಎಣಿಸಿದವರು ಗಂಡಸರು. ಗೂಡಿನ ಮಾರುಕಟ್ಟೆಯಿಂದ ಬಸ್ ನಿಲ್ದಾಣದ ತನಕ ಸಾಲಾಗಿ ಅಂಗಡಿ. ನನ್ನಪ್ಪ ಒಂದು ಸಲ ಕೈಗಡಿಯಾರ ಕಟ್ಟಿಕೊಂಡು ಬಂದ, ಇನ್ನೊಂದು ಸಲ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದ. ಅವ್ವ ಕೇಳಿಕೊಂಡಿದ್ದ ಕಬ್ಬಿಣದ ಹೆಂಚು ಮಾತ್ರ ಆ ಎರಡು ಸಲವೂ ಬರಲಿಲ್ಲ. ದುಡ್ಡು ಯಾರ ಕೈಯಲ್ಲಿ ಮೊದಲು ಬೀಳುತ್ತದೆಯೋ ಅವರ ಆಸೆಯೇ ಮನೆಯ ಅಗತ್ಯವಾಗುತ್ತದೆ ಎಂಬುದನ್ನು ನಾನು ಅರಿತದ್ದು ಆ ಹೆಂಚಿನಿಂದ. ಆಮೇಲಿನ ವರ್ಷಗಳಲ್ಲಿ ಆ ದುಡ್ಡಿನ ದಾರಿಯಲ್ಲಿ ಲಾಟರಿಯೂ ಸಾರಾಯಿ ಪ್ಯಾಕೆಟ್ಟೂ ನಿಂತವು. ಎರಡನ್ನೂ ರಾಜ್ಯ ಸರ್ಕಾರ 2007ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟೋ ಮನೆಗಳ ಹಿಪ್ಪುನೇರಳೆ ತೋಟ ಕೈಬಿಟ್ಟಿತ್ತು.

2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಗುಂಪು ಕಟ್ಟುವ ಕೆಲಸ ನಮ್ಮಂಥ ಅಂಗನವಾಡಿ ಕಾರ್ಯಕರ್ತೆಯರ ಪಾಲಿಗೆ ಬಂತು. ಹದಿನೈದು ಇಪ್ಪತ್ತು ಜನ ಹೆಂಗಸರು, ವಾರಕ್ಕೆ ಹತ್ತು ರೂಪಾಯಿ. ಮೊದಲ ಸಭೆಯಲ್ಲಿ ಒಬ್ಬ ಮುದುಕಿ ಆ ಹತ್ತು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. "ಮುಡುಪು ಇದ್ದಂಗೆ ಅಲ್ವೇನವ್ವ" ಎಂದು ಕೇಳಿದಳು. ಹೌದು ಅಂದೆ. ಉಳಿಸಿದ ದುಡ್ಡಿನಲ್ಲೇ ಒಳಸಾಲ, ಅದರ ಬಡ್ಡಿ ಮತ್ತೆ ಗುಂಪಿಗೇ. ಕುರಿ, ಹೊಲಿಗೆ ಯಂತ್ರ, ಮಕ್ಕಳ ಹಾಸ್ಟೆಲ್ ಖರ್ಚು ಎಂದು ಸಾಲದ ಕಾರಣ ಬರೆದುಕೊಳ್ಳುತ್ತಿದ್ದೆ. ಕೊಡುವುದೋ ಬೇಡವೋ ಎಂದು ಎಲ್ಲರೂ ಕೂತು ಮಾತಾಡುತ್ತಿದ್ದರು. ಆ ಮಾತಿನಲ್ಲೇ ಬೇಕು ಬೇಡ ತೀರ್ಮಾನವಾಗುತ್ತಿತ್ತು.

ಅದರ ಹಿಂದೆಯೇ ಕಿರುಸಾಲದ ಕಂಪನಿಗಳು ಬಂದವು. ಅವರೂ ಗುಂಪು ಎಂದರು, ಅವರೂ ವಾರ ಎಂದರು. ಒಳಗಿನ ಕೆಲಸ ಮಾತ್ರ ತಲೆಕೆಳಗು. ನಮ್ಮ ಗುಂಪಿನಲ್ಲಿ ಮೊದಲು ಉಳಿಸಿ ಆಮೇಲೆ ಸಾಲ. ಅಲ್ಲಿ ಮೊದಲು ಸಾಲ, ಆಮೇಲೆ ವಾರ ವಾರ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಹೊರೆ. ಆಧಾರ್ ಕಾರ್ಡು ತಂದರೆ ಎರಡು ದಿನದಲ್ಲಿ ದುಡ್ಡು ಸಿಗುವಾಗ ಯಾರೂ ಯಾಕೆ ಎಂದು ಕೇಳುವುದಿಲ್ಲ. ಟಿವಿ ಬಂತು, ಸೋಫಾ ಬಂತು, ಬೀಗರೂಟಕ್ಕೆ ಇನ್ನಷ್ಟು ಕುರಿ ಬಂದವು. ಒಂದು ಕಂಪನಿಯ ಕಂತಿಗೆ ಇನ್ನೊಂದರಲ್ಲಿ ಸಾಲ. ಕಾಯಿಲೆಗೆ, ಬೋರ್‌ವೆಲ್‌ಗೆ ಎಂದು ಎತ್ತಿದವರೂ ಇದ್ದರು, ಅವರನ್ನು ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 2025ರ ಜನವರಿಯಲ್ಲಿ ವಸೂಲಿಯ ಕಿರುಕುಳಕ್ಕೆ ಊರು ಬಿಟ್ಟವರ, ಪ್ರಾಣ ಬಿಟ್ಟವರ ಸುದ್ದಿ ರಾಜ್ಯದ ನಾನಾ ಕಡೆಯಿಂದ ಬಂತು. ನಮ್ಮ ಮಳವಳ್ಳಿ ತಾಲ್ಲೂಕಿನ ಹೆಸರೂ ಅದರಲ್ಲಿತ್ತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದ ತನಕ ಸೆರೆ, 5 ಲಕ್ಷದ ತನಕ ದಂಡ ಎಂದಿತು. ಬಾಗಿಲಲ್ಲಿ ಕೂರುವವರ ಕಾಟ ಅದರಿಂದ ಎಷ್ಟು ತಗ್ಗಿದರೂ ಒಳ್ಳೆಯದೇ. ಸಾಲ ಎತ್ತುವ ಮೊದಲಿನ ಆ ನಡುವಿನ ಹೊತ್ತನ್ನು ಕಾಯಿದೆ ತಂದುಕೊಡಲಾರದು.

ಈಗ ಮುತ್ತತ್ತಿಗೆ ಕಾರು, ವ್ಯಾನು ನೇರ ಹೋಗುತ್ತವೆ. ಬೆಳಿಗ್ಗೆ ಮನಸ್ಸಾದರೆ ಮಧ್ಯಾಹ್ನ ಹೊಳೆಯಲ್ಲಿ ಕಾಲಿಡಬಹುದು. ದಾರಿಯಲ್ಲಿ ಕೊಂಡ ಪ್ಲಾಸ್ಟಿಕ್ ಲೋಟ, ತಟ್ಟೆ, ನೀರಿನ ಬಾಟಲಿ ದಡದಲ್ಲೇ ಉಳಿಯುತ್ತವೆ. ಜಿಂಕೆ, ಆನೆ ತಿರುಗಾಡುವ ಕಾಡು ಅದು. ನೋಡಿದಾಗ ಹೊಟ್ಟೆ ಉರಿಯುತ್ತದೆ. ಒಂದು ಹೊತ್ತಿನ ಊಟಕ್ಕೆ ಕೊಂಡು ಬಿಸಾಡುವ ಸಾಮಾನಿಗೆ ಎಷ್ಟು ಖರ್ಚಾಯಿತು ಎಂದು ಯಾರೂ ಬರೆದಿಡುವುದಿಲ್ಲ. ಕಡ್ಲೆಪುರಿ ಮಾರುವವರ ತಳ್ಳುಗಾಡಿಯ ಮೇಲೂ ಕ್ಯೂಆರ್ ಚೀಟಿ ಇದೆ. ಚಿಲ್ಲರೆಯ ತಾಪತ್ರಯ ತಪ್ಪಿತು ಎಂದು ಅವರಿಗೆ ಸಂತೋಷ, ಅದು ಸರಿಯೇ. ಕೊಳ್ಳುವವರ ಬೆರಳಿಗೆ ಮಾತ್ರ ಗಂಟು ಬಿಚ್ಚುವ ಕೆಲಸ ಇಲ್ಲವಾಗಿದೆ.

ನಮ್ಮ ಸಂಘದಲ್ಲಿ ಇದನ್ನು ಕುರಿತು ಬಹಳ ಮಾತಾದ ಮೇಲೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳನ್ನು ಒಂದು ಕೆಲಸಕ್ಕೆ ಬಿಟ್ಟೆವು. ಔಷಧಿ, ಫೀಸು, ದಿನಸಿ, ಬಿತ್ತನೆ ಬೀಜ ಇವಕ್ಕೆ ಲೆಕ್ಕವಿಲ್ಲ. ಅದು ಬಿಟ್ಟು 500 ರೂಪಾಯಿ ಮೀರಿದ ಯಾವ ಸಾಮಾನು ಕೊಳ್ಳಬೇಕು ಅನ್ನಿಸಿದರೂ ಮೊದಲು ಅಲ್ಲಿ ಬರೆಸಬೇಕು. ಸಾಮಾನು, ಬೆಲೆ, ಎಲ್ಲಿ ನೋಡಿದ್ದು. ಮುಂದಿನ ವಾರದ ಸಭೆಗೆ ಬಂದಾಗಲೂ ಬೇಕು ಅನ್ನಿಸಿದರೆ ತನ್ನ ದುಡ್ಡಿನಲ್ಲಿ ಕೊಳ್ಳಲಿ, ಬೇಡವೆಂದರೆ ಗೀಟು ಹೊಡೆಯಲಿ. ಶುರುವಿನಲ್ಲಿ ಎಲ್ಲರ ಮುಂದೆ ಓದಿಸುತ್ತಿದ್ದೆ. ಒಬ್ಬ ಎಳೆಯ ಸೊಸೆ ಸೀರೆಯ ಬೆಲೆ ಓದಿದ್ದಕ್ಕೆ ತಲೆ ತಗ್ಗಿಸಿ ಕೂತಳು. ಮಾರನೆಯ ವಾರ ಸಭೆಗೇ ಬರಲಿಲ್ಲ. ಅದರಿಂದ ಓದುವುದನ್ನು ನಿಲ್ಲಿಸಿ, ಅವರವರ ಸಾಲನ್ನು ಅವರವರೇ ನೋಡಿಕೊಳ್ಳುವ ಹಾಗೆ ಮಾಡಿದೆವು. ಅವಳು ಮತ್ತೆ ಬರುತ್ತಿದ್ದಾಳೆ. ಮಿಕ್ಸಿ ಇದ್ದವರು ಬರೆಸಿದ ಹೊಸ ಮಿಕ್ಸಿ, ಫೋನಿನಲ್ಲಿ ಕಂಡ ಊಟದ ಸೆಟ್ಟು, ಮಗನಿಗೆ ಎರಡನೆಯ ಜೊತೆ ಬೂಟು, ಇವಕ್ಕೆಲ್ಲ ಗೀಟು ಬಿದ್ದಿದೆ. ಟಾರ್ಪಾಲು, ಕುಕ್ಕರು, ಒಬ್ಬಳು ತನಗೇ ಎಂದು ಬರೆಸಿದ ಬೆಳ್ಳಿ ಕಾಲುಂಗುರ, ಇವು ನಿಂತಿವೆ. ಕಾಲುಂಗುರವನ್ನು ಅವಳು ವಾರಗಟ್ಟಲೆ ಯೋಚಿಸಿ ಕೊಂಡಳು. ಕೊಂಡ ದಿನ ಎಲ್ಲರಿಗೂ ಕಾಲು ಚಾಚಿ ತೋರಿಸಿದಳು. ಹಾಗೆ ಮನಸ್ಸು ತುಂಬಿ ಕೊಳ್ಳುವುದನ್ನು ತಡೆಯಬೇಕೆಂದು ನಮ್ಮಲ್ಲಿ ಯಾರಿಗೂ ಇಲ್ಲ.

ಹುಡುಗಿಯರು ಒಪ್ಪದ ಮಾತೂ ಇದೆ. "ಆಂಟಿ, ಆಫರ್ ಇವತ್ತು ರಾತ್ರಿಗೇ ಮುಗಿಯುತ್ತೆ, ವಾರ ಕಾದರೆ ಬೆಲೆ ಏರುತ್ತೆ" ಅನ್ನುತ್ತಾರೆ. ಅದನ್ನೂ ಬರೆದೇ ನೋಡೋಣ ಎಂದು ಇವತ್ತಿನ ಬೆಲೆಯ ಪಕ್ಕಕ್ಕೆ ಮುಂದಿನ ವಾರದ ಬೆಲೆಗೆ ಒಂದು ಕಾಲಂ ಎಳೆದಿದ್ದೇವೆ. ಕೆಲವು ಏರಿವೆ, ಕೆಲವು ಇಳಿದಿವೆ, ಬಹಳಷ್ಟು ಅಲ್ಲೇ ಇವೆ.

ಈ ಸಲ ಆ ಹಾಳೆಯಲ್ಲಿ ಒಂದು ದೊಡ್ಡ ಸಾಲು ಬಂದಿದೆ. ಸಂಘದ ಹಳೆಯ ಸದಸ್ಯೆಯೊಬ್ಬಳು ಮಗಳ ಮದುವೆಯ ಬೀಗರೂಟಕ್ಕೆ 2 ಲಕ್ಷ ಎಂದು ಬರೆಸಿದ್ದಾಳೆ. ಕಿರುಸಾಲದವರು ಕೊಡಲು ತಯಾರಿದ್ದಾರೆ. ಅವಳ ವಾದ ಅವಳಿಗೆ ಸರಿಯೇ. "ಇಷ್ಟು ವರ್ಷ ಎಲ್ಲಾರ ಮನೇಲೂ ಉಂಡಿದ್ದೀನಿ, ಈಗ ನಾನು ಎಲೆ ಹಾಕ್ದೆ ಇದ್ರೆ ಏನಂದಾರು" ಅನ್ನುತ್ತಾಳೆ. ಅವಳ ಮನೆಯ ಮುಯ್ಯಿ ಪುಸ್ತಕ ತರಿಸಿ ಮೂರು ಜನ ಕೂತು ಲೆಕ್ಕ ಹಾಕಿದ್ದೇವೆ. ಅವಳಿಗೆ ಬರಬೇಕಾದ ಮುಯ್ಯಿ, ಅವಳ ಉಳಿತಾಯ ಎರಡೂ ಸೇರಿದರೆ ಅರ್ಧದಷ್ಟು ಎಲೆಗೆ ಸಾಲವಿಲ್ಲದೆ ಆಗುತ್ತದೆ. ಉಳಿದರ್ಧ ಎಲೆ ಬೀಗರ ಕಡೆಯವರ ಬೇಡಿಕೆ. ಮದುವೆಗೆ ಇನ್ನೂ ಮಾಘದ ತನಕ ಹೊತ್ತಿದೆ. ಸಾಲಿಗೆ ಗೀಟೂ ಬಿದ್ದಿಲ್ಲ, ಸಾಲವನ್ನೂ ಎತ್ತಿಲ್ಲ. ಬೀಗರ ಮನೆಗೆ ಹೋಗಿ ಎಲೆಯ ಲೆಕ್ಕ ಮಾತಾಡಿಕೊಂಡು ಬರಲು ಸಂಘದಿಂದ ನಾವಿಬ್ಬರು ಬರುವ ಭಾನುವಾರ ಹೊರಡುತ್ತಿದ್ದೇವೆ.